ಇಪ್ಪತ್ನಾಲ್ಕು ತೊಳೆಯ ಗ್ಲೋಬ್

ನಿನ್ನೆ ಸಂಜೆ ಎರಡನೆಯ ಸಲದ ವಾರ್ನಿಶ್ ಹಚ್ಚಿ ಬ್ರಶ್ ತೊಳೆದಿಟ್ಟೆ. 26 ಸೆಂ.ಮೀ. ವ್ಯಾಸದ, ಹೆಸರುಗಳೆಲ್ಲ ಕನ್ನಡದಲ್ಲಿರುವ ಒಂದು ಗ್ಲೋಬ್ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಣಗುತ್ತಿದೆ. ಹತ್ತು ದಿನದ ಕೆಲಸವೆಂದು ಮೇ ಮೊದಲ ವಾರದಲ್ಲಿ ಕೈ ಹಾಕಿದ್ದು, ಜುಲೈ ಮುಗಿಯುವ ತನಕ ಎಳೆಯಿತು. ನಡುವೆ ಒಂದು ಗೋಲವನ್ನು ಎಸೆದದ್ದಾಯಿತು, ಮೂರು ಸಲ ಅಚ್ಚು ಹಾಕಿಸಿದ ನಕ್ಷೆ ರದ್ದಿಗೆ ಹೋಯಿತು, ಸೈಬೀರಿಯವನ್ನು ಜಿರಲೆ ತಿಂದಿತು. ಮಾಡಿದ ತಪ್ಪುಗಳ ಅಳತೆ ಇನ್ನೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಡಿಪ್ಲೊಮಾ ಓದುವಾಗ ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಘನಾಕೃತಿಗಳ ಮೈ ಬಿಚ್ಚುವುದನ್ನು ಕಲಿಸಿದ್ದರು. ಸಿಲಿಂಡರ್ ಬಿಚ್ಚಿದರೆ ಆಯತ, ಶಂಕು ಬಿಚ್ಚಿದರೆ ಬೀಸಣಿಗೆ. ಗೋಲ ಮಾತ್ರ ಹಾಗೆ ಬಿಚ್ಚಿಕೊಳ್ಳುವುದಿಲ್ಲ. ಅಡ್ಡಪಟ್ಟಿಗಳಾಗಿಯೋ, ಕಿತ್ತಳೆಯ ತೊಳೆಗಳ ಹಾಗೆ ಉದ್ದುದ್ದವಾಗಿಯೋ ಸೀಳಿ ಅಂದಾಜು ಮಾಡಿಕೊಳ್ಳಬೇಕು. ಆ ಚಿತ್ರವನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬಿಡಿಸಿ ಅಂಕ ಪಡೆದಿದ್ದೆ. ಕತ್ತರಿಯಿಂದ ಕತ್ತರಿಸಿ ಚೆಂಡಿಗೆ ಅಂಟಿಸಿ ನೋಡಿದವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ.

ಮೇ 4: ಬಲೂನು

ಇಪ್ಪತ್ತು ರೂಪಾಯಿಯ ದೊಡ್ಡ ಬಲೂನು ಊದಿ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಚೂರುಗಳನ್ನು ಆರು ಪದರ ಹಚ್ಚಿದೆ. ಬಿಸಿಲಿಗೆ ಮೂರು ದಿನದಲ್ಲಿ ಗಟ್ಟಿಯಾಯಿತು. ಎರಡು ಹಲಗೆಗಳ ನಡುವೆ ಒತ್ತಿ ಹಿಡಿದು, ಮೂಲೆಮಟ್ಟ ಇಟ್ಟು ಅಳೆದರೆ ಅಡ್ಡಕ್ಕೆ 252 ಮಿ.ಮೀ., ಉದ್ದಕ್ಕೆ 271. ಭೂಮಿಯೂ ಪೂರ್ತಿ ಗುಂಡಗಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟೆ. ಭೂಮಿಯ ವ್ಯಾಸ ಸಮಭಾಜಕದಲ್ಲಿ 12,756 ಕಿ.ಮೀ., ಧ್ರುವದಿಂದ ಧ್ರುವಕ್ಕೆ 12,714. ನನ್ನ ಗ್ಲೋಬಿನ ಪ್ರಮಾಣದಲ್ಲಿ ಈ ವ್ಯತ್ಯಾಸ ಒಂದು ಮಿ.ಮೀ.ಗಿಂತ ಕಡಿಮೆ. ನನ್ನ ಬಲೂನಿನದು ಹತ್ತೊಂಬತ್ತು, ಅದೂ ತಿರುವುಮುರುವಾಗಿ. ಅದನ್ನು ಮಗಳು ಬಣ್ಣ ಬಳಿದು ಮಾವಿನಹಣ್ಣು ಮಾಡಿಕೊಂಡಳು.

ಮೇ 12ರಿಂದ 22: ಥರ್ಮಾಕೋಲ್, ಪುಟ್ಟಿ, ಫರ್ಮಾ

ಅಲಂಕಾರದ ಸಾಮಾನು ಮಾರುವ ಅಂಗಡಿಯಲ್ಲಿ ಹತ್ತು ಇಂಚಿನ ಥರ್ಮಾಕೋಲ್ ಅರ್ಧಗೋಲಗಳು ಸಿಕ್ಕವು. ಎರಡಕ್ಕೆ 360 ರೂಪಾಯಿ. ಸೇರಿಸಿ ಅಂಟಿಸಿ, ನಡುವೆ ಸೈಕಲ್ಲಿನ ಒಂದು ಕಡ್ಡಿ ತೂರಿಸಿದೆ. ಕಡ್ಡಿಯ ಉದ್ದ 29 ಸೆಂ.ಮೀ.; ಎರಡೂ ಧ್ರುವಗಳಲ್ಲಿ ಹೊರಗೆ ಉಳಿಯಲು ಸಾಕು. ಒಂದು ತುದಿಯಲ್ಲಿ ತಿರುಪಿನ ಮರೆ ಇರುವುದರಿಂದ ನಟ್ಟೂ ಜೊತೆಗೇ ಬಂತು. ಇಡೀ ಕೆಲಸದಲ್ಲಿ ಒಂದೇ ಏಟಿಗೆ ಸರಿಹೋದದ್ದು ಈ ಹತ್ತು ರೂಪಾಯಿಯ ಕಡ್ಡಿ.

254 ಮಿ.ಮೀ. ಚೆಂಡಿನ ಮೇಲೆ ಸುತ್ತಲೂ ಮೂರು ಮಿ.ಮೀ. ಪುಟ್ಟಿ ಹತ್ತಿಸಿ 260ಕ್ಕೆ ತರುವುದು ಯೋಜನೆ. 260 ಯಾಕೆಂದರೆ ಅರ್ಧ ಸುತ್ತಳತೆ 408 ಮಿ.ಮೀ. ಆಗುತ್ತದೆ, ಎ3 ಕಾಗದದ ಉದ್ದ 420. ಇದಕ್ಕಿಂತ ದೊಡ್ಡ ಗೋಲ ಮಾಡಿದರೆ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಲಾಗದು.

ಗುಂಡಗೆ ಮಾಡಲು ಹಾರ್ಡ್‌ಬೋರ್ಡಿನಲ್ಲಿ 130 ಮಿ.ಮೀ. ತ್ರಿಜ್ಯದ ಅರ್ಧವೃತ್ತ ಕೊರೆದು ಫರ್ಮಾ ಮಾಡಿದೆ. ಫರ್ಮಾವನ್ನು ಕಡ್ಡಿಗೆ ತಾಗಿಸಿ ನಿಲ್ಲಿಸಿ ಒಳಗೆ ಚೆಂಡನ್ನು ತಿರುಗಿಸಿದರೆ ಹೆಚ್ಚಾದ ಪುಟ್ಟಿಯನ್ನು ಅದೇ ಕೆರೆದು ತೆಗೆಯುತ್ತದೆ. ಮೊದಲ ಸಲ ಒಮ್ಮೆಲೇ ಮೂರು ಮಿ.ಮೀ. ಮೆತ್ತಿದೆ. ಮರುದಿನ ಬರಗಾಲದ ಕೆರೆಯಂತೆ ಬಿರಿದಿತ್ತು. ಎಲ್ಲ ಉಜ್ಜಿ ತೆಗೆದು ನಾಲ್ಕು ತೆಳು ಪದರಗಳಲ್ಲಿ ಹಚ್ಚಿದೆ, ನಡುವೆ ಒಂದೊಂದು ದಿನ ಬಿಟ್ಟು.

ಒಣಗಿದ ಮೇಲೆ ಧ್ರುವದಿಂದ ಧ್ರುವಕ್ಕೆ ಸರಿಯಾಗಿ 260. ಸಮಭಾಜಕದಲ್ಲಿ 262. ಅರ್ಧ ದಿನ ತಲೆ ಕೆರೆದುಕೊಂಡೆ. ಕಡ್ಡಿಯ ದಪ್ಪ ಎರಡು ಮಿ.ಮೀ.; ಫರ್ಮಾದ ನೇರ ಅಂಚು ಕಡ್ಡಿಯ ನಡುವಿಗಲ್ಲ, ಮೈಗೆ ತಾಗುತ್ತಿತ್ತು. ಸುತ್ತಲೂ ಒಂದು ಮಿ.ಮೀ. ಹೆಚ್ಚಾಗಿತ್ತು. ಭೂಮಿಯೂ ಇದೇ ದಿಕ್ಕಿನಲ್ಲಿ ಚಪ್ಪಟೆಯಾದ್ದರಿಂದ ಬಿಟ್ಟುಬಿಡುವ ಆಸೆಯಾಯಿತು. ಆದರೆ ಎರಡು ಮಿ.ಮೀ. ವ್ಯಾಸವೆಂದರೆ ಸುತ್ತಳತೆಯಲ್ಲಿ ಆರು ಮಿ.ಮೀ. ಅಷ್ಟು ಅಗಲ ಬಾಯಿ ತೆರೆದ ಸಮುದ್ರ ಯಾರಿಗೆ ಬೇಕು? ಫರ್ಮಾದ ಅಂಚನ್ನು ಒಂದು ಮಿ.ಮೀ. ಕೆತ್ತಿ, ಪಾಲಿಶ್ ಪೇಪರಿನಿಂದ ಚೆಂಡನ್ನು ಮತ್ತೆ ಉಜ್ಜಿದೆ. ದರ್ಜಿಯ ಟೇಪು ಕೊನೆಗೆ 817 ತೋರಿಸಿತು.

ಮೇ 24: ಅಡ್ಡಪಟ್ಟಿಯ ಯೋಚನೆ

15 ಡಿಗ್ರಿಗೆ ಒಂದರಂತೆ ಅಡ್ಡಪಟ್ಟಿಗಳಾಗಿ ಸೀಳಿದರೆ ಒಂದೊಂದು ಪಟ್ಟಿಯೂ ಒಂದು ಶಂಕುವಿನ ತುಂಡು. ಸಮಭಾಜಕದ ಪಕ್ಕದ ಪಟ್ಟಿಯ ಕಮಾನಿನ ತ್ರಿಜ್ಯ 987 ಮಿ.ಮೀ. ಬಂತು, ಉದ್ದ 80 ಸೆಂ.ಮೀ.ಗಿಂತ ಹೆಚ್ಚು. ಯಾವ ಝೆರಾಕ್ಸ್ ಅಂಗಡಿಗೂ ಹೋಗುವ ಕೆಲಸವಲ್ಲ. ಅಲ್ಲಿಗೆ ಬಿಟ್ಟೆ.

ಮೇ 26ರಿಂದ ಜೂನ್ 1: ಹನ್ನೆರಡು ತೊಳೆ, ಕಾಗದದ ಮೇಲೆ

ಒಂದು ತೊಳೆಗೆ 30 ಡಿಗ್ರಿ. ಸಮಭಾಜಕದಲ್ಲಿ ಅಗಲ 68 ಮಿ.ಮೀ.; 60 ಡಿಗ್ರಿಯಲ್ಲಿ ಅದರ ಅರ್ಧ, 34; ಧ್ರುವದಲ್ಲಿ ಚೂಪು. ನಡುಗೆರೆಯ ಮೇಲೆ ಒಂದು ಡಿಗ್ರಿಗೆ 2.27 ಮಿ.ಮೀ. ಕರಾವಳಿ, ನದಿ, ಗಡಿಗಳನ್ನು ನ್ಯಾಚುರಲ್ ಅರ್ಥ್ ಎಂಬ ಮುಕ್ತ ದತ್ತಾಂಶದಿಂದ ಇಳಿಸಿಕೊಂಡೆ. ಅದರಲ್ಲಿ ಐದು ಕೋಟಿಗೆ ಒಂದು ಪ್ರಮಾಣದ ಆವೃತ್ತಿ ಇದೆ. ನನ್ನ ಗೋಲ 4.9 ಕೋಟಿಗೆ ಒಂದು, ಹೇಳಿ ಮಾಡಿಸಿದಂತಿತ್ತು. ಭಾರತದ ಗಡಿಯನ್ನು ಮಾತ್ರ ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದಿಸಿ ತಿದ್ದಿಕೊಂಡೆ. ತೊಳೆಗಳನ್ನು ಬಿಡಿಸಿದ್ದು ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ, ಅಕ್ಷಾಂಶಗಳೆಲ್ಲ ನೇರಗೆರೆಯಾಗಿ ಬರುವ ಸೈನುಸಾಯ್ಡಲ್ ಪ್ರಕ್ಷೇಪದಲ್ಲಿ (ಪ್ರಕ್ಷೇಪವೆಂದರೆ ಗೋಲದ ಮೈಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಕ್ರಮ). ಸುಲಭವೆಂದು ಆರಿಸಿಕೊಂಡದ್ದು. ಆಮೇಲೆ ಅನುಭವಿಸಿದೆ.

ಮೂರು ಎ3 ಹಾಳೆ, ಹಾಳೆಗೆ ನಾಲ್ಕು ತೊಳೆ, ಲೇಸರ್ ಅಚ್ಚು, ಒಂದಕ್ಕೆ 40 ರೂಪಾಯಿ. ಮನೆಗೆ ತಂದು ಅಳೆದರೆ 408 ಇರಬೇಕಾದ ನಡುಗೆರೆ 392 ಇತ್ತು. ಅಂಗಡಿಯ ಯಂತ್ರ ಹಾಳೆಗೆ ಹೊಂದಿಸಿಕೊಂಡು ನಕ್ಷೆಯನ್ನು ಶೇ. 96ಕ್ಕೆ ಕುಗ್ಗಿಸಿತ್ತು. ತಪ್ಪು ನನ್ನದೇ, ನೂರಕ್ಕೆ ನೂರು ಅಳತೆಯಲ್ಲಿ ಕೊಡಿ ಎಂದು ಹೇಳಬೇಕಿತ್ತು. ಅಂದಿನಿಂದ ಪ್ರತಿ ಹಾಳೆಯ ಮೂಲೆಯಲ್ಲೂ 100 ಮಿ.ಮೀ. ಉದ್ದದ ಗೆರೆ ಹಾಕುತ್ತೇನೆ, ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿ ಹಣ ಕೊಡುತ್ತೇನೆ.

ಜೂನ್ 6: ಹನ್ನೆರಡು ತೊಳೆ, ಚೆಂಡಿನ ಮೇಲೆ

ಈ ಸಲ ಅಳತೆ ಸರಿ ಇತ್ತು. ಮೈದಾ ಅಂಟು ಕುದಿಸಿ ಆರಿಸಿ, ತೊಳೆಯ ಬೆನ್ನಿಗೆ ಹಚ್ಚಿ, ಮೂರು ನಿಮಿಷ ನೆನೆಯಲು ಬಿಟ್ಟು, ಸಮಭಾಜಕದ ಗೆರೆಗೆ ಗೆರೆ ಕೂಡಿಸಿ ಅಂಟಿಸಿದೆ. ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ತೀಡಿದೆ. ಮೊದಲ ತೊಳೆ ಸಮಭಾಜಕದ ಆಚೀಚೆ ಚರ್ಮದಂತೆ ಕೂತಿತು. 40 ಡಿಗ್ರಿ ದಾಟಿದೊಡನೆ ಅಂಚುಗಳು ಎದ್ದು ನಿಂತವು. ಎಷ್ಟು ತೀಡಿದರೂ ನೆರಿಗೆ ಅಲ್ಲಿಂದ ಇಲ್ಲಿಗೆ ಸರಿಯಿತೇ ಹೊರತು ಹೋಗಲಿಲ್ಲ. ಯುರೋಪಿನ ತುಂಬ ಇಲ್ಲದ ಪರ್ವತಗಳು ಹುಟ್ಟಿಕೊಂಡವು.

ಕತ್ತರಿಸಿ ಉಳಿದಿದ್ದ ಇನ್ನೊಂದು ತೊಳೆಯ ಬಾಗಿದ ಅಂಚಿನ ಮೇಲೆ ದಾರ ಇಟ್ಟು ಅಳೆದೆ. ಕಾರಣ ತಿಳಿಯಿತು. ನಡುಗೆರೆ 408, ಅಂಚು 415. ಚೆಂಡಿನ ಮೇಲೆ ಎಲ್ಲ ರೇಖಾಂಶಗಳೂ ಒಂದೇ ಉದ್ದ, 408. ಆ ಏಳು ಮಿ.ಮೀ. ಹೋಗಲು ಎಲ್ಲಿಯೂ ಜಾಗವಿಲ್ಲದೆ ನೆರಿಗೆಯಾಗುತ್ತಿತ್ತು. 1507ರಲ್ಲಿ ಮಾರ್ಟಿನ್ ವಾಲ್ಡ್‌ಸೀಮ್ಯುಲರ್ ಅಚ್ಚು ಹಾಕಿಸಿದ, ಅಮೆರಿಕ ಎಂಬ ಹೆಸರನ್ನು ಹೊತ್ತ ಗ್ಲೋಬಿಗೂ ತೊಳೆ ಹನ್ನೆರಡೇ ಎಂದು ಓದಿ ಧೈರ್ಯ ಮಾಡಿದ್ದೆ. ಅದರ ಗೋಲ ನನ್ನದರ ಅರ್ಧಕ್ಕೂ ಚಿಕ್ಕದು, ಮಿಕ್ಕುವ ಕಾಗದವೂ ಅರ್ಧಕ್ಕಿಂತ ಕಡಿಮೆ ಎಂಬುದು ಆಗ ಹೊಳೆಯಲಿಲ್ಲ.

ಎರಡನೆಯ ತೊಂದರೆ ನೇರಗೆರೆಗಳದು. 60 ಡಿಗ್ರಿ ಅಕ್ಷಾಂಶ ಚೆಂಡಿನ ಸುತ್ತ ಒಂದೇ ಬಳೆಯಂತೆ ಬರಬೇಕು. ನನ್ನದು ಪ್ರತಿ ತೊಳೆಯ ನಡುವೆ ಮೇಲೆ, ಅಂಚಿನಲ್ಲಿ ಎರಡು ಮಿ.ಮೀ. ಕೆಳಗೆ, ದೇವಸ್ಥಾನದ ಕಮಾನಿನ ಸಾಲಿನಂತೆ ಬಂದಿತ್ತು. ಮೂರನೆಯದು, ಹನ್ನೆರಡನೆಯ ತೊಳೆ ಮೊದಲನೆಯದರ ಮೇಲೆ 11 ಮಿ.ಮೀ. ಏರಿ ಕೂತಿತು. ಅಚ್ಚು ಸರಿ, ಚೆಂಡು ಸರಿ, ಆದರೂ 11 ಮಿ.ಮೀ. ಹೆಚ್ಚು.

ರಾತ್ರಿ ಹಾಗೆಯೇ ಬಿಟ್ಟು ಮಲಗಿದೆ. ಬೆಳಗಾಗುವಷ್ಟರಲ್ಲಿ ಜಿರಲೆಗಳು ಮೈದಾ ಅಂಟಿನ ರುಚಿ ನೋಡಿದ್ದವು. ಸೈಬೀರಿಯದಲ್ಲಿ ಅಂಗೈಯಗಲದ ತೂತು.

ಒದ್ದೆ ಬಟ್ಟೆ ಹೊದಿಸಿ ಕಾಗದ ಬಿಡಿಸಲು ಹೋದರೆ ಪುಟ್ಟಿಯೂ ಜೊತೆಗೆ ಮೆತ್ತಗಾಗಿ ಎದ್ದು ಬಂತು. ಪುಟ್ಟಿಯ ಮೇಲೆ ಪ್ರೈಮರ್ ಹಚ್ಚಿರಲಿಲ್ಲ. ನೂರು ರೂಪಾಯಿ ಉಳಿಸಲು ಹೋಗಿ ಐದು ದಿನ ಕಳೆದುಕೊಂಡೆ, ಯಾಕೆಂದರೆ ಅಷ್ಟರಲ್ಲಿ ಮಳೆ ಹಿಡಿದಿತ್ತು, ಏನೂ ಒಣಗುತ್ತಿರಲಿಲ್ಲ.

ಜೂನ್ 12: ಬೈಂಡಿಂಗ್ ಕಾಕಾ

ಹಳೆಯ ಪುಸ್ತಕ ಕಟ್ಟಿಕೊಡುವ ಹಿರಿಯರೊಬ್ಬರು ನಮ್ಮ ಓಣಿಯ ಹಿಂದೆ ಇದ್ದಾರೆ. 11 ಮಿ.ಮೀ. ಕಥೆ ಹೇಳಿದೆ. ಅವರು ನನ್ನ ಕೈಯಿಂದ ಉಳಿದ ಹಾಳೆ ಇಸಿದುಕೊಂಡು ಒಮ್ಮೆ ಉದ್ದಕ್ಕೆ ಹರಿದರು, ಒಮ್ಮೆ ಅಡ್ಡಕ್ಕೆ. ಉದ್ದಕ್ಕೆ ಹರಿದದ್ದು ನೇರ ಬಂತು, ಅಡ್ಡ ಹರಿದದ್ದು ಸೊಟ್ಟ.

"ಕಾಗದಕ್ಕೂ ಎಳೆ ಇರುತ್ತದೆ ತಮ್ಮಾ, ಕಟ್ಟಿಗೆಗೆ ಇದ್ದ ಹಾಗೆ. ನೆನೆದರೆ ಎಳೆಯ ಅಡ್ಡಕ್ಕೆ ಹಿಗ್ಗುತ್ತದೆ. ಮೊದಲು ನೆನೆಸಿ ಅಳೆಯಬೇಕು, ಆಮೇಲೆ ಕತ್ತರಿ ಹಿಡಿಯಬೇಕು. ನೀವು ಇಂಜಿನಿಯರುಗಳು ಒಣಗಿದ್ದನ್ನು ಅಳೆದು ಹಸಿಯದನ್ನು ಅಂಟಿಸುತ್ತೀರಿ."

ಮನೆಗೆ ಬಂದು ಅಳೆದೆ. 68.1 ಮಿ.ಮೀ. ಅಗಲದ ಪಟ್ಟಿ ಅಂಟಿನಲ್ಲಿ ಮೂರು ನಿಮಿಷ ನೆನೆದ ಮೇಲೆ 69 ಆಯಿತು. ತೊಳೆಗೆ 0.9, ಹನ್ನೆರಡಕ್ಕೆ ಸುಮಾರು 11. ಲೆಕ್ಕ ಚುಕ್ತಾ. ಉದ್ದದಲ್ಲಿ 408ರದ್ದು 410 ಅಷ್ಟೆ. ಮುಂದಿನ ಅಚ್ಚಿನಲ್ಲಿ ಅಗಲವನ್ನು ಶೇ. 98.7ಕ್ಕೆ ಇಳಿಸುವುದೆಂದು ಗುರುತು ಹಾಕಿಕೊಂಡೆ. ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಬೆರೆಸಲು ಹೇಳಿದ್ದೂ ಕಾಕಾ ಅವರೇ; ಬೈಂಡಿಂಗ್ ಅಂಟಿಗೆ ಹುಳ ಬಾರದಂತೆ ಅವರು ಹಾಕುವುದು ಅದನ್ನೇ. ವಿಷ, ಹಾಗಾಗಿ ಬೇರೆ ಪಾತ್ರೆ, ಬೇರೆ ಚಮಚ, ಮಕ್ಕಳ ಕೈಗೆ ಸಿಗದ ಜಾಗ. ಅಂಟು ತುಸು ನೀಲಿಯಾಗುತ್ತದೆ, ಸಮುದ್ರಕ್ಕೆ ಅದರಿಂದ ನಷ್ಟವಿಲ್ಲ.

ಜೂನ್ 17ರಿಂದ 25: ಇಪ್ಪತ್ನಾಲ್ಕು

ತೊಳೆಗಳನ್ನು ಇಮ್ಮಡಿ ಮಾಡಿದರೆ ಅಂಚಿನ ಮಿಕ್ಕ ಉದ್ದ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಏಳು ಮಿ.ಮೀ. ಇದ್ದದ್ದು 1.8. ಅಷ್ಟನ್ನು ಹಸಿ ಕಾಗದ ತಾನೇ ನುಂಗಿಕೊಳ್ಳುತ್ತದೆ. ಪ್ರಕ್ಷೇಪವನ್ನೂ ಬದಲಿಸಿ ಪಾಲಿಕೋನಿಕ್ ಹಿಡಿದೆ. ಇದರಲ್ಲಿ ಪ್ರತಿ ಅಕ್ಷಾಂಶವೂ ತನ್ನದೇ ತ್ರಿಜ್ಯದ ಕಮಾನು: 60 ಡಿಗ್ರಿಗೆ 75 ಮಿ.ಮೀ., 15 ಡಿಗ್ರಿಗೆ 485. ಕಾಗದದಲ್ಲಿ ಬಾಗಿದ ಗೆರೆ ಚೆಂಡಿನ ಮೇಲೆ ಸರಿಯಾದ ಬಳೆಯಾಗುತ್ತದೆ. ಇಪ್ಪತ್ನಾಲ್ಕು ತೊಳೆಗೆ ಇಪ್ಪತ್ನಾಲ್ಕು ಸಲ ನಡುಗೆರೆ ಬದಲಿಸಿ ನಕ್ಷೆ ತೆಗೆಯಬೇಕು. ಎರಡು ಸಂಜೆ ಹಿಡಿಯಿತು.

ಕಾಗದದ ಮೇಲೆ ಒಂದು ತೊಳೆಯ ಅರ್ಧ ಅಗಲ ಹೀಗೆ, ಮಿ.ಮೀ.ನಲ್ಲಿ, ಹಿಗ್ಗುವ ಲೆಕ್ಕ ಕಳೆಯುವ ಮೊದಲು: ಸಮಭಾಜಕದಲ್ಲಿ 17.0, 20 ಡಿಗ್ರಿಗೆ 16.0, 40ಕ್ಕೆ 13.0, 60ಕ್ಕೆ 8.5, 80ಕ್ಕೆ 3.0.

ಅಚ್ಚು ಹಾಕಿಸಿ, ಎಲ್ಲವನ್ನೂ ಕತ್ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಮಗಳು ಬಂದು ನೋಡಿ, "ಅಪ್ಪಾ, ಧಾರವಾಡ ಎಲ್ಲಿ?" ಎಂದಳು.

ಧಾರವಾಡ ಎರಡು ತುಂಡಾಗಿತ್ತು. ಹನ್ನೆರಡು ತೊಳೆ ಇದ್ದಾಗ ಸೊನ್ನೆ ಡಿಗ್ರಿಯಿಂದ ಎಣಿಸಿದ್ದೆ. ಕರ್ನಾಟಕ 60ರಿಂದ 90ರ ತೊಳೆಯ ನಟ್ಟನಡುವೆ ಬಂದಿತ್ತು, ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ. ಅದನ್ನೇ ಎರಡಾಗಿ ಸೀಳಿದರೆ ಕತ್ತರಿ ಹೋಗುವುದು 75 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ಊರು ಇರುವುದೇ 75ರ ಮೇಲೆ. ಕನ್ನಡದ ಗ್ಲೋಬ್ ಮಾಡಲು ಹೊರಟವನು ಕರ್ನಾಟಕದ ನಡುವೆ ಹೊಲಿಗೆ ಹಾಕಲು ಹೊರಟಿದ್ದೆ. ಮೂರು ಹಾಳೆ, 120 ರೂಪಾಯಿ, ಒಂದು ಇಡೀ ಮಧ್ಯಾಹ್ನದ ಕತ್ತರಿ ಕೆಲಸ ಬುಟ್ಟಿಗೆ ಹೋಯಿತು.

ಎಲ್ಲ ತೊಳೆಗಳನ್ನೂ ಏಳೂವರೆ ಡಿಗ್ರಿ ಸರಿಸಿದೆ. ಈಗ 75 ಡಿಗ್ರಿ ಒಂದು ತೊಳೆಯ ನಡುಗೆರೆ, ಹೊಲಿಗೆಗಳು 67.5 ಮತ್ತು 82.5ರಲ್ಲಿ. ಹೊಸ ಅಚ್ಚು ಬಂದಾಗ ಮಗಳೇ ಕಂಡುಹಿಡಿದದ್ದು: "82.5 ಅಂದರೆ ನಮ್ಮ ಗಡಿಯಾರದ ರೇಖೆ ಅಲ್ಲವೇ ಅಪ್ಪಾ?" ಹೌದು, ಮಿರ್ಜಾಪುರದ ಹತ್ತಿರ ಹಾಯುವ ಭಾರತದ ಪ್ರಮಾಣ ಕಾಲದ ರೇಖೆ. ನನ್ನ ಇಪ್ಪತ್ನಾಲ್ಕು ತೊಳೆಗಳು ಈಗ ತಲಾ ಒಂದು ಗಂಟೆಯ ಕಾಲವಲಯಗಳಾಗಿ ಕೂತಿದ್ದವು, ಗ್ರೀನಿಚ್ ಒಂದರ ನಡುವೆ. ನಮ್ಮ ಸಮಯ ಮಾತ್ರ ಐದು ಗಂಟೆಯ ತೊಳೆಗೂ ಸೇರದೆ ಆರು ಗಂಟೆಯದಕ್ಕೂ ಸೇರದೆ ಸರಿಯಾಗಿ ಹೊಲಿಗೆಯ ಮೇಲೆ. ಐದೂವರೆಯ ಆ ಅರ್ಧ ಗಂಟೆ ಯಾಕೆಂದು ಅವಳಿಗೆ ಪುಸ್ತಕ ತೆರೆದು ಹೇಳಬೇಕಾಗಲಿಲ್ಲ.

ಜುಲೈ 3ರಿಂದ 9: ಅಂಟಿಸಿದ್ದು

ಪ್ರೈಮರ್ ಹಚ್ಚಿದ ಚೆಂಡಿನ ಮೇಲೆ ಸಮಭಾಜಕವನ್ನೂ 24 ರೇಖಾಂಶಗಳನ್ನೂ ಪೆನ್ಸಿಲ್ಲಿನಿಂದ ಗೀಚಿಕೊಂಡೆ. ಅಂಚು ಕೆತ್ತಿದ ಫರ್ಮಾ ಇಲ್ಲಿ ಸ್ಕೇಲಾಗಿ ಉಪಯೋಗಕ್ಕೆ ಬಂತು. ಎಷ್ಟೇ ಎಚ್ಚರ ವಹಿಸಿದರೂ ಒಂದೆರಡು ಮಿ.ಮೀ. ಕೊನೆಯ ತೊಳೆಯಲ್ಲಿ ಬಂದು ಸೇರುತ್ತದೆಂದು ಗೊತ್ತಿತ್ತು. ಅದು ಊರುಗಳಿಲ್ಲದ ಕಡೆ ಸೇರಲಿ ಎಂದು 75 ಪೂರ್ವದಿಂದ ಶುರು ಮಾಡಿ, ಪಶ್ಚಿಮಕ್ಕೆ ಹದಿನೈದು, ಪೂರ್ವಕ್ಕೆ ಏಳು ಅಂಟಿಸಿ, ಕೊನೆಯದನ್ನು 165 ಪಶ್ಚಿಮದಲ್ಲಿ, ಶಾಂತ ಸಾಗರದ ನಡುವೆ ಇಟ್ಟುಕೊಂಡೆ. ದಿನಕ್ಕೆ ನಾಲ್ಕೇ ತೊಳೆ. ಪಕ್ಕದ್ದು ಒಣಗದೆ ಮುಂದಿನದನ್ನು ತೀಡಿದರೆ ಎರಡೂ ಜಾರುತ್ತವೆ. ಮಳೆಗಾಲದಲ್ಲಿ ಒಣಗಿಸಲು ಟೇಬಲ್ ಫ್ಯಾನ್ ಇಟ್ಟೆ. ಹತ್ತಿರ ಇಟ್ಟ ದಿನ ಅಂಚುಗಳು ಬೇಗ ಒಣಗಿ ಮೇಲೆದ್ದವು. ಒಂದೂವರೆ ಮೀಟರ್ ದೂರ ಸರಿಸಿದ ಮೇಲೆ ಸರಿಹೋಯಿತು.

ಕೊನೆಯ ತೊಳೆ 1.5 ಮಿ.ಮೀ. ಏರಿತು. ಒಂದು ಮಿ.ಮೀ.ಗೆ 49 ಕಿ.ಮೀ. ಲೆಕ್ಕದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ನೀರು ಅಲ್ಲಿ ಅಡಿಗೆ ಹೋಗಿದೆ. ಹುಡುಕಿದರೂ ಸಿಗುವುದಿಲ್ಲ.

ಧ್ರುವಗಳಲ್ಲಿ 24 ಚೂಪುಗಳು ಒಂದರ ಮೇಲೊಂದು ಬಿದ್ದು ಗಂಟಾಯಿತು. ತುದಿಗಳನ್ನು 80ರ ಆಚೆ ಒಂದು ಡಿಗ್ರಿಯಷ್ಟು ಉಳಿಸಿ ಕತ್ತರಿಸಿ, ಮೇಲೆ ದುಂಡು ಟೊಪ್ಪಿಗೆ ಅಂಟಿಸುವುದೆಂದುಕೊಂಡೆ. ಟೊಪ್ಪಿಗೆಯ ನಕ್ಷೆ ಬೇರೆ ಪ್ರಕ್ಷೇಪದ್ದು: ಧ್ರುವ ನಡುವೆ, ಅಲ್ಲಿಂದ ಎಲ್ಲ ದಿಕ್ಕಿಗೂ ದೂರ ಸರಿಯಾಗಿರುವಂಥದ್ದು. ಗಂಟು ಚೆನ್ನಾಗಿ ಮುಚ್ಚಲೆಂದು ಮೊದಲು 70 ಡಿಗ್ರಿಯವರೆಗೆ, 45 ಮಿ.ಮೀ. ತ್ರಿಜ್ಯದ್ದು ಕತ್ತರಿಸಿದೆ. ಗ್ರೀನ್‌ಲ್ಯಾಂಡ್ ನೆರಿಗೆ ಉಟ್ಟುಕೊಂಡಿತು. ಚಪ್ಪಟೆ ಟೊಪ್ಪಿಗೆಯ ಸುತ್ತಳತೆ 285, ಚೆಂಡಿನ ಮೇಲೆ ಅಲ್ಲಿರುವುದು 279. ಹಸಿಯಿರುವಾಗಲೇ ಕಿತ್ತು, 80 ಡಿಗ್ರಿಯದನ್ನು, ಅಂದರೆ 23 ಮಿ.ಮೀ.ಗೆ ತುಸು ಕಡಿಮೆ ತ್ರಿಜ್ಯದ್ದನ್ನು ಹಚ್ಚಿದೆ. ಅಲ್ಲಿ ವ್ಯತ್ಯಾಸ 0.7 ಮಿ.ಮೀ. ಮಾತ್ರ. ಅಂಗೈಯಿಂದ ಒತ್ತಿದರೆ ಕೂತಿತು.

ಜುಲೈ 13ರಿಂದ 27: ಹೆಸರು, ಪೀಠ, ವಾರ್ನಿಶ್

ಹೆಸರುಗಳನ್ನು ಅಂಟಿಸಿದ ಮೇಲೆ ಕೈಯಿಂದಲೇ ಬರೆದೆವು. ಅಚ್ಚಿನಲ್ಲೇ ಹಾಕಿದ್ದರೆ ಹೊಲಿಗೆಯಲ್ಲಿ ಒತ್ತಕ್ಷರಗಳು ತುಂಡಾಗುತ್ತಿದ್ದವು. ಜೆಲ್ ಪೆನ್ನಿನಿಂದ ರದ್ದಿ ತೊಳೆಯ ಮೇಲೆ ಬರೆದು ವಾರ್ನಿಶ್ ಹಚ್ಚಿ ನೋಡಿದ್ದೇ ಒಳ್ಳೆಯದಾಯಿತು, ಕಜಕಸ್ತಾನ ಕರಗಿ ಹರಿಯಿತು. ನೀರಿಗೂ ವಾರ್ನಿಶ್ಶಿಗೂ ಕದಲದ ಡ್ರಾಯಿಂಗ್ ಪೆನ್ನು 150 ರೂಪಾಯಿಗೆ ತಂದೆ.

ಪೀಠವನ್ನು ಬಡಿಗರಿಂದ 200 ರೂಪಾಯಿಗೆ ಮಾಡಿಸಿದೆ. 23.5 ಡಿಗ್ರಿ ಓರೆಗೆ ಕೋನಮಾಪಕ ಬೇಡ: 100 ಮಿ.ಮೀ. ನೇರಕ್ಕೆ 43.5 ಮಿ.ಮೀ. ಅಡ್ಡ ಗುರುತು ಹಾಕಿ ಕೂಡಿಸಿದರೆ ಓರೆ ಸಿದ್ಧ.

ಕೂರಿಸಿ ತಿರುಗಿಸಿದೆ. ಎಲ್ಲೇ ನಿಲ್ಲಿಸಿದರೂ ಗೋಲ ಮೆಲ್ಲಗೆ ಹೊರಳಿ ಆಫ್ರಿಕವನ್ನು ಕೆಳಗೆ ಮಾಡಿಕೊಂಡು ನಿಲ್ಲುತ್ತದೆ. ಪುಟ್ಟಿ ಆ ಕಡೆ ದಪ್ಪವಾಗಿರಬೇಕು. ಕಾಗದ ಅಂಟಿಸುವ ಮೊದಲೇ ಕಡ್ಡಿಯ ಮೇಲೆ ತಿರುಗಿಸಿ ನೋಡಿ, ಎದುರು ಕಡೆ ಒಂದು ಮೊಳೆ ಒಳಗೆ ತೂರಿಸಿದ್ದರೆ ಮುಗಿಯುತ್ತಿತ್ತು. ಆರ್ಯಭಟ ತನ್ನ ಆರ್ಯಭಟೀಯದ ಗೋಲಪಾದವೆಂಬ ಅಧ್ಯಾಯದಲ್ಲಿ ಯಂತ್ರಗೋಲ ಹೇಗಿರಬೇಕೆಂದು ಹೇಳುವಾಗ ಕಟ್ಟಿಗೆಯದು, ಸಮವೃತ್ತ, ಎಲ್ಲ ಕಡೆಗೂ ಸಮಭಾರ, ಹಗುರ ಎಂದು ಪಟ್ಟಿ ಮಾಡಿದ್ದಾನೆ. ನಾಲ್ಕರಲ್ಲಿ ನನಗೆ ದಕ್ಕಿದ್ದು ಎರಡು. ಸದ್ಯಕ್ಕೆ ನಟ್ಟಿನ ಕೆಳಗೆ ಸೈಕಲ್ ಟ್ಯೂಬಿನ ಚೂರು ಇಟ್ಟು ಬಿಗಿ ಮಾಡಿದ್ದೇನೆ. ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಆದರೆ ಜೋರಾಗಿ ತಿರುಗುವುದಿಲ್ಲ.

ಖರ್ಚು: ಬಲೂನು 20, ಥರ್ಮಾಕೋಲ್ 360, ಪುಟ್ಟಿ 90, ಪ್ರೈಮರ್ 100, ಕಡ್ಡಿ 10, ಅಚ್ಚು ನಾಲ್ಕು ಸಲಕ್ಕೆ 480, ಟೊಪ್ಪಿಗೆಗಳ ಅಚ್ಚು 20, ಪೆನ್ನು 150, ವಾರ್ನಿಶ್ 140, ಪೀಠ 200. ಒಟ್ಟು 1,570 ರೂಪಾಯಿ. ಅದರಲ್ಲಿ ಅಚ್ಚಿನ 360 ಶುದ್ಧ ದಂಡ. ನಾನು ವಿಚಾರಿಸಿದ ಅಂಗಡಿಯಲ್ಲಿ ಇಂಗ್ಲಿಷ್ ಹೆಸರಿನ ಗ್ಲೋಬ್ ಇದಕ್ಕಿಂತ ಕಡಿಮೆಗೆ ಸಿಗುತ್ತಿತ್ತೆಂದು ಮನೆಯವರು ಎರಡು ಸಲ ನೆನಪಿಸಿದ್ದಾರೆ.

ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ 16 ಮಿ.ಮೀ. ಬಂದಿದೆ, ಹೆಬ್ಬೆರಳ ಉಗುರಿನಷ್ಟು. ಕೊನೆಯ ವಾರ್ನಿಶ್ಶಿಗೆ ಮೊದಲು ಮಗಳು 75 ಡಿಗ್ರಿಯ ನಡುಗೆರೆಯ ಮೇಲೆ, ಧಾರವಾಡಕ್ಕೆಂದು ಒಂದು ಕೆಂಪು ಚುಕ್ಕೆ ಇಟ್ಟಳು. ಆದಷ್ಟು ಸಣ್ಣದಾಗಿಯೇ ಇಟ್ಟಳು. ಆದರೂ ಒಂದು ಮಿ.ಮೀ. ಆಯಿತು, ಅಂದರೆ 49 ಕಿ.ಮೀ.; ಹುಬ್ಬಳ್ಳಿಯೂ ಅದರೊಳಗೇ ಸಿಕ್ಕಿಕೊಂಡಿದೆ. ಹುಬ್ಬಳ್ಳಿಯಲ್ಲಿರುವ ಅವಳ ಸೋದರಮಾವ ನಾಳೆ ಬರುತ್ತಾರೆ.